ಹಳೆಯ ಹಾಡಿನ ತಟ್ಟೆಗಳು

ಹಳೆಯ ಪುಸ್ತಕದ ಅಂಗಡಿಗೆ ಹೋಗುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಹಳೆಯ ಹಾಡಿನ ಅಂಗಡಿಗೆ ಹೋಗುವವರು ಕಡಿಮೆ. ಹಾಡು ಹಳೆಯದಾದರೆ ಅದನ್ನು ಮಾರುವುದು ಹೇಗೆ, ಕೊಳ್ಳುವುದು ಹೇಗೆ ಎಂದು ಕೆಲವರು ಕೇಳಬಹುದು. ನಾನು ಹೇಳುತ್ತಿರುವುದು ಗ್ರಾಮಾಫೋನ್ ತಟ್ಟೆಗಳ ವಿಷಯ. ಬೆಂಗಳೂರು, ಮುಂಬಯಿಗಳಂತಹ ಪಟ್ಟಣಗಳ ಹಳೆಯ ಪೇಟೆಗಳಲ್ಲಿ ಇವು ಈಗಲೂ ಕೈಯಿಂದ ಕೈಗೆ ಹೋಗುತ್ತಿರುವುದುಂಟು. ಕಳೆದ ಬೇಸಗೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆಗೆ ಹೋಗಬೇಕಾಗಿ ಬಂದಾಗ ಅಂತಹುದೊಂದು ರಾಶಿ ಕಡಲತೀರದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿತು. ಆ ರಾಶಿಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಭಟ್ಕಳದಲ್ಲಿ ನನಗೆ ತಟ್ಟೆ ಸಿಕ್ಕಲಿಲ್ಲ. ಅದು ಬಹು ಹಿಂದಿನಿಂದಲೂ ಹಡಗಿನ ವ್ಯಾಪಾರದ ಊರು. ವಿಜಯನಗರದ ಅರಸರ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲೊಂದು. ಅಲ್ಲಿನ ನವಾಯತರು ಕಡಲಾಚೆಗೆ ಹೋಗಿಬರುವುದರಲ್ಲಿ ಪಳಗಿದವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಹೋದವರು ಟೇಪ್ ರೆಕಾರ್ಡರುಗಳನ್ನು ಹೊತ್ತು ತಂದರು. ತಟ್ಟೆಗೆ ಮನೆಯಲ್ಲಿ ಎಡೆ ಉಳಿಯಲಿಲ್ಲ. ನಾನು ವಿಚಾರಿಸಿದ ಅಂಗಡಿಯವರು ಬಹು ಸೌಜನ್ಯದಿಂದ ಒಂದು ಪೆಟ್ಟಿಗೆಯ ತುಂಬ ಉರ್ದೂ ಕವ್ವಾಲಿಗಳ ಕ್ಯಾಸೆಟ್ಟುಗಳನ್ನು ತೋರಿಸಿ, ಚಹಾ ಕುಡಿಸಿ, ಕುಮಟೆಗೆ ಹೋಗಿ ನೋಡಿರೆಂದು ಕಳುಹಿಸಿದರು. ಹೊನ್ನಾವರದಲ್ಲಿ ನಾನು ತಡವಾಗಿ ಹೋದವನಾದೆ. ಗುಜರಿಯವನೊಬ್ಬನು ಹಿಂದಿನ ಮಳೆಗಾಲದ ಮೊದಲು ಒಂದು ಗೋಣಿಯಷ್ಟು ತಟ್ಟೆಗಳನ್ನು ಕೊಂಡಿದ್ದನಂತೆ. ಗೋಣಿಯನ್ನು ಎತ್ತಿ ಹಾಕುವಾಗ ಮುಕ್ಕಾಲು ಪಾಲು ಒಡೆದುಹೋಯಿತಂತೆ. ಅವನ ಅಂಗಡಿಯ ಮೂಲೆಯಲ್ಲಿ ಕಪ್ಪು ಚೂರುಗಳ ಒಂದು ಸಣ್ಣ ಗುಡ್ಡೆಯನ್ನು ಕಂಡೆನು. ಒಂದು ಚೂರಿನ ಮೇಲೆ ಕೊಳವೆಯ ಮುಂದೆ ಕುಳಿತ ನಾಯಿಯ ಚಿತ್ರ ಉಳಿದಿತ್ತು; ನಾಯಿಯ ತಲೆಯಿರಲಿಲ್ಲ.

ಕುಮಟೆಯ ಅಂಗಡಿ ಪೇಟೆಯ ಹಿಂಬದಿಯ ಓಣಿಯಲ್ಲಿದೆ. ಹೆದ್ದಾರಿಯನ್ನು ಅಗಲಮಾಡಿದಾಗ ಈ ಕರಾವಳಿಯ ಎಷ್ಟೋ ಹಳೆಯ ಮನೆಗಳು ಉರುಳಿದುವು. ಹಾಗೆ ಉರುಳಿದ ಮನೆಗಳ ದಾರಂದಗಳು, ತೂಗುಮಣೆಯ ಸರಪಳಿಗಳು, ನಿಂತುಹೋದ ಗೋಡೆ ಗಡಿಯಾರಗಳು, ಹಿತ್ತಾಳೆಯ ಹಂಡೆಗಳು ಇವುಗಳ ನಡುವೆ ಅಂಗಡಿಯ ಯಜಮಾನರು ಒಂದು ಮರದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಉಪಾಧ್ಯಾಯನಲ್ಲ, ಆದರೆ ಕನ್ನಡಕ ಹಾಕಿಕೊಂಡು ಬಟ್ಟೆಯ ಚೀಲ ಹಿಡಿದವನು ಆ ಸೀಮೆಯಲ್ಲಿ ಮಾಸ್ತರನೇ ಆಗಬೇಕು.

“ಪ್ಲೇಟು ಕೇಳಿಕೊಂಡು ಬರುವವರು ಎರಡು ನಮೂನೆ, ಮಾಸ್ತರೇ” ಎಂದರು ಅವರು. “ಒಂದು, ಹೋಟೆಲಿನ ಗೋಡೆಗೆ ತೂಗುಹಾಕುವವರು. ಅವರು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ, ಹಾಡು ಯಾವುದೆಂದು ಕೇಳುವುದಿಲ್ಲ. ಇನ್ನೊಂದು ನಿಮ್ಮಂಥವರು. ದಿನವಿಡೀ ನೋಡುತ್ತಾರೆ, ಎರಡು ಒಯ್ಯುತ್ತಾರೆ.”

ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಒಳಗಿನ ಕೋಣೆಯಲ್ಲಿ ಒಬ್ಬ ಹುಡುಗನು ತಟ್ಟೆಗಳನ್ನು ಒಂದೊಂದಾಗಿ ಒರೆಸುತ್ತ ಕುಳಿತಿದ್ದನು. ಅವನ ಕೈಯಲ್ಲಿದ್ದ ಸೀಸೆಯ ವಾಸನೆ ಮೂಗಿಗೆ ಬಡಿದೊಡನೆ ನಾನು ಗಾಬರಿಯಿಂದ ಕೂಗಿ ಅವನನ್ನು ನಿಲ್ಲಿಸಬೇಕಾಯಿತು, ಅದು ಸ್ಪಿರಿಟ್. ಹೊಸ ಕಾಲದ ತಟ್ಟೆಗೆ ಅದರಿಂದ ಅಷ್ಟು ಕೇಡಿಲ್ಲ. ಹಳೆಯ ತಟ್ಟೆಯಾದರೋ ಅದರಲ್ಲಿ ಕರಗುವುದು, ಹಾಡೂ ಅದರೊಡನೆ ಅಳಿಯುವುದು. ಏಕೆಂದರೆ ಹಳೆಯ ತಟ್ಟೆ ಅರಗಿನಿಂದ ಮಾಡಿದುದು.

ಪಾಂಡವರನ್ನು ಸುಡುವುದಕ್ಕೆ ಕೌರವನು ಕಟ್ಟಿಸಿದ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಕಟ್ಟುವ ಅರಗು, ಗ್ರಾಮಾಫೋನ್ ತಟ್ಟೆಯ ಅರಗು ಇವೆಲ್ಲ ಒಂದೇ ವಸ್ತು. ಮುತ್ತುಗವೇ ಮೊದಲಾದ ಮರಗಳ ಕೊಂಬೆಗಳಲ್ಲಿ ಒಂದು ಬಗೆಯ ಕೀಟ ಇದನ್ನು ಸ್ರವಿಸುತ್ತದೆ. ಛೋಟಾ ನಾಗಪುರದ ಕಾಡುಗಳು ಇದಕ್ಕೆ ಪ್ರಸಿದ್ಧವಾದುವು. ಅರಗಿಗೆ ಕಲ್ಲಿನ ಪುಡಿಯನ್ನು ಬೆರಸಿ, ಕಾಡಿಗೆಯಿಂದ ಕಪ್ಪು ಕೊಟ್ಟು, ಬಿಗಿ ಬರುವಂತೆ ಒಂದಿಷ್ಟು ಹತ್ತಿಯ ಎಳೆಯನ್ನು ಸೇರಿಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಯಿತು. ಇದು ಬಾಗುವುದಿಲ್ಲ, ಒಡೆಯುತ್ತದೆ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನಂತೆ ತಿರುಗುತ್ತದೆ. ಹತ್ತು ಅಂಗುಲದ ತಟ್ಟೆಯಾದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರಡಿಸಿದ ವಿನೈಲ್ ತಟ್ಟೆ ಬೇರೆ ಜಾತಿಯದು. ಅದು ಹಗುರವಾದುದು, ಸುಲಭವಾಗಿ ಒಡೆಯದು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಹಾಡುವುದು. ನಮ್ಮ ದೇಶದಲ್ಲಿ ಅರಗಿನ ತಟ್ಟೆ ಅಷ್ಟು ಬೇಗನೆ ಸೋಲಲಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ ಅರಗಿನ ತಟ್ಟೆಗಳಲ್ಲಿ ಹೊರಟವು. ಪರದೇಶದ ಸಂಗ್ರಾಹಕರು ಅವನ್ನು ಹುಡುಕಿ ಅಲೆಯುತ್ತಾರೆ. ಕೀಲಿ ಕೊಟ್ಟು ತಿರುಗಿಸುವ ಯಂತ್ರಕ್ಕೆ ವಿದ್ಯುಚ್ಛಕ್ತಿ ಬೇಕಿಲ್ಲವಷ್ಟೆ. ದೀಪ ಬಾರದ ಹಳ್ಳಿಯಲ್ಲಿಯೂ ಅದು ಹಾಡುತ್ತಿತ್ತು.

ಈ ಅರಗಿನ ಪ್ರಯಾಣವನ್ನು ಯೋಚಿಸಿದರೆ ವಿಚಿತ್ರವೆನಿಸುವುದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವರು ಗ್ರಾಮಾಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯಲ್ಲಿ ತಮ್ಮ ಯಂತ್ರವನ್ನು ಹೂಡಿದರು. ಹಿಂದೂಸ್ಥಾನದಲ್ಲಿ ತಟ್ಟೆಗಾಗಿ ಮೊಟ್ಟಮೊದಲು ಹಾಡಿದವರು ಗೌಹರ್ ಜಾನ್ ಎಂದು ಹೇಳುವುದು ವಾಡಿಕೆ. ವಾಸ್ತವವಾಗಿ ಅವರಿಗಿಂತ ಕೆಲವು ದಿನ ಮೊದಲು ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಬಂಗಾಳದ ನಾಟಕದ ಹುಡುಗಿಯರು ಹಾಡಿದ್ದರು. ಆದರೆ ಕೀರ್ತಿ ಗೌಹರ್ ಜಾನರಿಗೆ ಸಂದಿತು, ಅದು ಅನ್ಯಾಯವೂ ಅಲ್ಲ. ಆಗ ಹಾಡುವವರು ತಗಡಿನ ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಬೇಕಾಗಿತ್ತು. ಮೂಲಮುದ್ರಿಕೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದುವು. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆ ತಿಳಿಯದು. ಯಾರ ಹಾಡಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದು ಈ ಕೂಗಿನಿಂದ ಗೊತ್ತಾಗುತ್ತಿತ್ತು. ಹೀಗೆ ನಮ್ಮ ಕಾಡಿನ ಅರಗು ಹ್ಯಾನೋವರಿಗೆ ಹೋಗಿ, ನಮ್ಮ ದೇಶದ ಹಾಡನ್ನು ಹೊತ್ತು, ಎರಡು ಸಮುದ್ರಯಾನಗಳ ಖರ್ಚನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಪೇಟೆಗೇ ಮಾರಾಟಕ್ಕೆ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯಾದ ಮೇಲೆ ಈ ಸುತ್ತು ತಪ್ಪಿತು.

ಗೌಹರ್ ಜಾನರ ಹೆಸರು ಬಂದುದರಿಂದ ಒಂದು ಮಾತು. ಅಷ್ಟು ಹಣವನ್ನೂ ಹೆಸರನ್ನೂ ಕಂಡ ಆ ಮಹಾಗಾಯಕಿ ಕೊನೆಯ ದಿನಗಳಲ್ಲಿ ಆಶ್ರಯವನ್ನರಸಿ ಬಂದುದು ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನದಲ್ಲಿ ಅವರಿಗೆ ಸ್ಥಾನ ದೊರೆಯಿತು. 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲಿಯೇ ತೀರಿಕೊಂಡರು.

ಕುಮಟೆಯ ರಾಶಿಗೆ ಬರೋಣ. ಸುಮಾರು ಅರುವತ್ತು ತಟ್ಟೆಗಳಿದ್ದುವು. ಮೇಲುಗಡೆ ಇದ್ದುವು ವಿನೈಲ್, ಬಹುಪಾಲು ಕನ್ನಡ ಮತ್ತು ಹಿಂದಿ ಚಲಚ್ಚಿತ್ರಗಳ ಹಾಡು. ಅವಕ್ಕೆ ಗಿರಾಕಿಗಳುಂಟು, ಅವುಗಳ ಚಿಂತೆ ನಮಗೆ ಬೇಡ. ಕೆಳಗಿನ ಮೂವತ್ತೈದೋ ನಲವತ್ತೋ ಅರಗಿನವು. ಕರಾವಳಿಯ ತೇವಕ್ಕೆ ಬೂಸಲು ಹಿಡಿದು, ಹೊದಿಕೆಗಳನ್ನು ಗೆದ್ದಲು ತಿಂದು, ಒಂದಕ್ಕೊಂದು ಅಂಟಿಕೊಂಡಿದ್ದುವು. ಬಿಡಿಸಿ ನೋಡುತ್ತ ಹೋದಂತೆ ನನಗೆ ಆಶ್ಚರ್ಯವಾಯಿತು. ಕನ್ನಡದ ಊರಿನ ಕನ್ನಡಿಗರ ಮನೆಗಳಿಂದ ಬಂದ ಈ ತಟ್ಟೆಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮರಾಠಿ ನಾಟಕದ ಪದಗಳು. ಬಾಲಗಂಧರ್ವರ ಹೆಸರಿನವೇ ಆರೇಳಿದ್ದುವು. ಉಳಿದುವುಗಳಲ್ಲಿ ಅಬ್ದುಲ್ ಕರೀಂ ಖಾನರದು ಎರಡು, ಅಮೀರಬಾಯಿ ಕರ್ನಾಟಕಿಯವರದು ಒಂದು, ಪಿ. ಕಾಳಿಂಗರಾಯರ ಭಾವಗೀತೆ ಒಂದು.

ಮೈಸೂರು ಸೀಮೆಯವರಿಗೆ ಇದು ವಿಚಿತ್ರವಾಗಿ ಕಂಡರೂ ಉತ್ತರ ಕನ್ನಡದವರಿಗೆ ಕಾಣದು. 1862ರಲ್ಲಿ ಈ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಅಲ್ಲಿಯೇ ಇದ್ದಿತು. ಕಚೇರಿ, ವ್ಯಾಪಾರ, ಉಚ್ಚ ವಿದ್ಯಾಭ್ಯಾಸ ಎಲ್ಲಕ್ಕೂ ಮುಖ ಮುಂಬಯಿಯ ಕಡೆಗೆ. ಅಮೆರಿಕದ ಅಂತಃಕಲಹದ ವರ್ಷಗಳಲ್ಲಿ, ಎಂದರೆ 1861ರಿಂದ 65ರವರೆಗೆ, ಲಂಕಷೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ, ಧಾರವಾಡದ ಬಯಲಿನ ಹತ್ತಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗು ಹತ್ತಿತು. ಆ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹೆಸರೇ ನಿಂತಿತು. ಆಮೇಲೆ ಹುಬ್ಬಳ್ಳಿಗೂ ಮಾರ್ಮಗೋವೆಗೂ ರೈಲು ಬಂದು ರೇವಿನ ಸಂಪತ್ತು ಇಳಿಯಿತಾದರೂ ಮುಂಬಯಿಯ ಹೊಗೆಹಡಗುಗಳು ಮಳೆಗಾಲವನ್ನು ಬಿಟ್ಟು ಮಿಕ್ಕ ದಿನಗಳಲ್ಲಿ ಈ ರೇವುಗಳನ್ನು ಮುಟ್ಟಿ ಹೋಗುತ್ತಲೇ ಇದ್ದುವು. ಬೇಸಗೆಯಲ್ಲಿ ಊರಿಗೆ ಬರುವ ಮಗನೋ ಅಳಿಯನೋ ಮುಂಬಯಿಯಿಂದ ತಟ್ಟೆಗಳನ್ನು ತಂದನು. ಮುಂಬಯಿಯಲ್ಲಿ ಆಗ ಎಲ್ಲರ ಬಾಯಲ್ಲಿದ್ದುದು ಬಾಲಗಂಧರ್ವರ ಪದ.

ಇಷ್ಟರಿಂದ ಸಮಾಧಾನ ಪಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ನಾನು ಹೊನ್ನಾವರದಿಂದ ಕುಮಟೆಗೆ ಬರುವ ದಾರಿಯಲ್ಲಿ ಶರಾವತಿಯ ಬಡಗಣ ದಂಡೆಯನ್ನು ದಾಟಿ ಸ್ವಲ್ಪ ದೂರದಲ್ಲಿಯೇ ಕರ್ಕಿ ಎಂಬ ಊರನ್ನು ಹಾದುಬಂದಿದ್ದೆ. ಆ ಊರಿನ ನೆನಪು ಈ ತಟ್ಟೆಗಳ ಮುಂದೆ ಕುಳಿತಾಗ ಬೇರೆ ಬಗೆಯಾಗಿ ಬಂದಿತು.

ಸಾಂಗಲಿಯ ಅಧಿಪತಿಗಳಾಗಿದ್ದ ಚಿಂತಾಮಣರಾವ್ ಪಟವರ್ಧನರ ಮುಂದೆ 1842ರ ಸುಮಾರಿನಲ್ಲಿ ನಮ್ಮ ಈ ಸೀಮೆಯ ಭಾಗವತರ ಮೇಳವೊಂದು ಆಟವಾಡಿತು. ಅದು ಕರ್ಕಿಯ ಮೇಳವೆಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಹಾಗೆಯೇ ಬರೆದಿರುವ ವಿದ್ವಾಂಸರೂ ಉಂಟು. ಆಟವನ್ನು ನೋಡಿ ಸಂತೋಷಪಟ್ಟ ಅರಸರು ಇಂತಹುದು ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿ ವಿಷ್ಣುದಾಸ ಭಾವೆಯವರಿಗೆ ಆ ಕೆಲಸವನ್ನು ಒಪ್ಪಿಸಿದರು. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾಸ್ವಯಂವರ’ ರಂಗವನ್ನೇರಿತು. ಮರಾಠಿ ರಂಗಭೂಮಿ ಇಂದಿಗೂ ಆ ದಿನವನ್ನೇ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಆ ಆಟದಲ್ಲಿ ಸೂತ್ರಧಾರನು ಹಿಂದೆ ನಿಂತು ಪದ ಹೇಳುವನು, ವೇಷಗಳು ಮುಂದೆ ಬಂದು ಕುಣಿದು ಮಾತನಾಡುವುವು. ನಮ್ಮ ಭಾಗವತರ ಪದ್ಧತಿಯ ಗುರುತು ಸ್ಪಷ್ಟವಾಗಿತ್ತು. ಆಮೇಲೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಪದವನ್ನು ಭಾಗವತನ ಬಾಯಿಂದ ತೆಗೆದು ಪಾತ್ರಗಳ ಬಾಯಿಗೆ ಕೊಟ್ಟರು. ಅವರ ಧಾಟಿಗಳಲ್ಲಿ ಕನ್ನಡ ಹಾಡುಗಳ ಧಾಟಿಗಳೂ ಸೇರಿದ್ದುವು. 1911ರ ‘ಮಾನಾಪಮಾನ’, 1916ರ ‘ಸ್ವಯಂವರ’ಗಳ ಹೊತ್ತಿಗೆ ಅದೇ ರಂಗಭೂಮಿಯ ಪದಗಳು ಹಿಂದೂಸ್ಥಾನಿ ಸಂಗೀತದ ಪೂರ್ಣ ಐಶ್ವರ್ಯದೊಡನೆ ಬಾಲಗಂಧರ್ವರ ಕಂಠದಿಂದ ಹೊರಟು ತಟ್ಟೆಗಳಾಗಿ ಮಾರಾಟವಾದುವು. ಹಡಗಿನಲ್ಲಿ ಕುಮಟೆಯ ರೇವಿಗೆ ಬಂದಿಳಿದುವು.

ಒಂದು ಮೇಳ ಕಾಲುದಾರಿಯಲ್ಲಿ ಘಟ್ಟ ಹತ್ತಿ ಹೋಗಿ ಕೊಟ್ಟುಬಂದುದನ್ನು, ಎಪ್ಪತ್ತೆಂಬತ್ತು ವರ್ಷಗಳ ತರುವಾಯ ಅದೇ ಊರಿನ ಮೊಮ್ಮಕ್ಕಳು ರೊಕ್ಕ ಕೊಟ್ಟು ಕೊಂಡರು. ಕೊಂಡವರಿಗೆ ಇದು ತಮ್ಮ ಮನೆಯಿಂದ ಹೋದುದರ ಸಂತಾನವೆಂದು ತಿಳಿದಿತ್ತೋ ಇಲ್ಲವೋ, ಕೇಳಿ ಸುಖಪಟ್ಟರು. ಹಾಗೆಂದು ಬಾಲಗಂಧರ್ವರ ಪದವೆಲ್ಲ ನಮ್ಮದೇ ಎಂದು ನಾನು ವಾದಿಸುತ್ತಿಲ್ಲ. ಅಂತಹ ವಾದಗಳಿಂದ ಯಾರಿಗೂ ಸಂಗೀತ ಬಂದುದಿಲ್ಲ.

ಇನ್ನು ರಾಶಿಯಲ್ಲಿ ಇಲ್ಲದುದರ ಮಾತು. ನಲವತ್ತು ತಟ್ಟೆಗಳನ್ನು ಎರಡು ಸಲ ತಿರುವಿ ಹಾಕಿದೆ. ಯಕ್ಷಗಾನದ್ದು ಒಂದೂ ಇರಲಿಲ್ಲ. ಕುಮಟೆ, ಹೊನ್ನಾವರಗಳೆಂದರೆ ಬಡಗುತಿಟ್ಟಿನ ಯಕ್ಷಗಾನದ ತವರು. ಶರಾವತಿಗೆ ತೆಂಕಲಿರುವ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅದು ತಟ್ಟೆಯ ವ್ಯಾಪಾರ ಬಹು ಭರದಿಂದ ನಡೆಯುತ್ತಿದ್ದ ಕಾಲ. ಧಾರವಾಡ, ಹುಬ್ಬಳ್ಳಿಗಳ ಹಾಡುಗಾರರನ್ನು ಕಂಪನಿಗಳು ಮುಂಬಯಿಗೆ ಕರೆಯಿಸಿಕೊಳ್ಳುತ್ತಿದ್ದುವು. ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಿಂದ ಹಾಡಿದುದೂ, ಮಲ್ಲಿಕಾರ್ಜುನ ಮನಸೂರರ ಮೊದಲ ತಟ್ಟೆಗಳು ಹೊರಟುದೂ ಆ ದಶಕದಲ್ಲಿಯೇ. ಘಟ್ಟದ ಮೇಲಿನವರ ಹಾಡು ತಟ್ಟೆಯ ಮೇಲೆ ಕುಳಿತಿತು, ಘಟ್ಟದ ಕೆಳಗಿನದು ಕುಳಿತುಕೊಳ್ಳಲಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಯಕ್ಷಗಾನದ ಒಂದು ಪ್ರಸಂಗ ರಾತ್ರಿಯಿಂದ ಬೆಳಗಿನವರೆಗೆ ನಡೆಯತಕ್ಕದ್ದು. ಭಾಗವತರು ಹೇಳುವ ಪದ ಅಲ್ಲಿ ತಾನಾಗಿ ಪೂರ್ಣವಾದ ವಸ್ತುವಲ್ಲ. ಪದಕ್ಕೆ ವೇಷ ಕುಣಿಯಬೇಕು, ಕುಣಿದ ಮೇಲೆ ಅರ್ಥ ಹೇಳಬೇಕು, ಅರ್ಥಕ್ಕೆ ಇದಿರು ವೇಷದವರು ಮರುಮಾತು ಕೊಡಬೇಕು. ಒಂದು ಪದ ಐದು ನಿಮಿಷವೂ ಆಗಬಹುದು, ವೇಷಧಾರಿಯ ಉತ್ಸಾಹವಿದ್ದರೆ ಅರ್ಧ ಗಂಟೆಯೂ ಆಗಬಹುದು. ಖಯಾಲನ್ನು ಹಾಡುವವರು ಮೂರು ನಿಮಿಷಕ್ಕೆ ತಮ್ಮ ರಾಗವನ್ನು ಹಿಂಡಿ ಕೊಡುವುದನ್ನು ಕಲಿತರು. ಅದೊಂದು ಹೊಸ ವಿದ್ಯೆಯೇ ಆಯಿತು. ಅಬ್ದುಲ್ ಕರೀಂ ಖಾನರ ತಟ್ಟೆಗಳನ್ನು ಕೇಳಿದವರಿಗೆ ಮೂರು ನಿಮಿಷ ಎಷ್ಟು ವಿಶಾಲವಾಗಬಲ್ಲುದೆಂದು ಗೊತ್ತು. ಆಟವನ್ನು ಹಾಗೆ ಹಿಂಡಲು ಬಾರದು. ಅದರ ಮೇಲೆ ಚಂಡೆಯ ತೊಂದರೆ. ಕೊಳವೆಯ ಕಾಲದಲ್ಲಿ ಜೋರಾದ ಚರ್ಮವಾದ್ಯವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದರ ಪೆಟ್ಟಿಗೆ ಕೊರೆಯುವ ಮುಳ್ಳು ದಾರಿ ತಪ್ಪಿ ಹಾರುತ್ತಿತ್ತು. 1925ರ ತರುವಾಯ ವಿದ್ಯುತ್ತಿನಿಂದ ಧ್ವನಿ ಹಿಡಿಯುವ ಕ್ರಮ ಬಂದು ಆ ತೊಂದರೆ ತಗ್ಗಿತೆನ್ನಿ. ಕೊಳ್ಳುವವರ ತೊಂದರೆ ತಗ್ಗಲಿಲ್ಲ. ತಟ್ಟೆ ಕೊಳ್ಳುವಷ್ಟು ಹಣವಿದ್ದ ಮನೆಗಳವರು ಮುಂಬಯಿಯ ಪದವನ್ನು ಬಯಸಿದರು. ಆಟವನ್ನು ಬಯಸಿದವರು ದೊಂದಿಯ ಬೆಳಕಿನಲ್ಲಿ ಗದ್ದೆಯ ಕೊಯ್ಲಿನ ಮೇಲೆ ಕುಳಿತು ದುಡ್ಡಿಲ್ಲದೆ ನೋಡಿದರು. ಅಂಗಳದಲ್ಲಿಯೇ ಇರುವ ಮರದ ಹಣ್ಣನ್ನು ಪೇಟೆಯಿಂದ ಕೊಂಡು ತರುವವರುಂಟೆ?

ಈ ಕೊರತೆಯನ್ನು ತುಂಬಿದುದು ಮುಂದೆ ಬಂದ ಕ್ಯಾಸೆಟ್ಟು. ಅಗ್ಗವಾದ ಆ ಸಣ್ಣ ಪೆಟ್ಟಿಗೆ ಒಂದು ಗಂಟೆ, ಒಂದೂವರೆ ಗಂಟೆ ಹಿಡಿಯುತ್ತಿತ್ತು. ಯಾರಾದರೂ ಎಲ್ಲಿ ಬೇಕಾದರೂ ಮುದ್ರಿಸಿಕೊಳ್ಳಬಹುದಾಗಿತ್ತು. 1980ರ ದಶಕದಲ್ಲಿ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ ಕರಾವಳಿಯ ಮನೆ ಮನೆಗಳಲ್ಲಿ ಕೇಳಿಸಿತು. ಅವರು 1990ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡರು, ಕಂಠ ಉಳಿಯಿತು. ಅವರಿಗಿಂತ ಐವತ್ತು ವರ್ಷ ಹಿಂದೆ ಅಷ್ಟೇ ಚೆನ್ನಾಗಿ ಹಾಡುತ್ತಿದ್ದ ಭಾಗವತರ ಕಂಠ ಹೇಗಿತ್ತೆಂದು ಕೇಳಿದರೆ, ಕೇಳಿದವರು ಹೇಳಿದುದನ್ನು ಕೇಳಿದವರ ಮಾತು ಮಾತ್ರ ನಮಗೆ ಉಳಿದಿದೆ. ಸಾಂಗಲಿಯ ಅರಸರನ್ನು ಮೆಚ್ಚಿಸಿದ ಭಾಗವತರ ಧ್ವನಿಯನ್ನು ಹಿಡಿಯಲು ಯಂತ್ರವೇ ಹುಟ್ಟಿರಲಿಲ್ಲ, ಆ ದುಃಖ ಬೇರೆ. 1930ರಲ್ಲಿ ಯಂತ್ರವಿತ್ತು, ಅರಗಿತ್ತು, ಭಾಗವತರೂ ಇದ್ದರು.

ತಟ್ಟೆಯನ್ನು ಕೊಳ್ಳಲಾರದವರಿಗೂ ಅದು ಒಂದು ಪಾಠಶಾಲೆಯಾಗಿತ್ತೆಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುವುದು. ಧಾರವಾಡದಲ್ಲಿ ಹುಡುಗಿಯಾಗಿದ್ದ ಗಂಗೂಬಾಯಿಯವರು ಬೀದಿಯಲ್ಲಿ ಗ್ರಾಮಾಫೋನು ಕೇಳಿಸಿದರೆ ಓಡಿಹೋಗಿ ನಿಂತು, ಕೇಳಿದುದನ್ನು ಹಾಡಿಕೊಳ್ಳುತ್ತಿದ್ದರಂತೆ. ಗದಗಿನಲ್ಲಿ ಭೀಮಸೇನ ಜೋಶಿ ಎಂಬ ಹುಡುಗನು ಶಾಲೆಯಿಂದ ಬರುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ತಟ್ಟೆಗಳನ್ನು ಕೇಳುವನು. ಅಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಅವನನ್ನು ಮನೆಯಲ್ಲಿರಗೊಡದೆ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಉತ್ತರ ದೇಶಕ್ಕೆ ಓಡುವಂತೆ ಮಾಡಿದುದು ಪ್ರಸಿದ್ಧವಾದ ಸಂಗತಿ. ಊರೂರು ಅಲೆದು ತಿರುಗಿ ಬಂದ ಮೇಲೆ ಆತನಿಗೆ ಗುರುಗಳು ಸಿಕ್ಕಿದುದು ಕುಂದಗೋಳದಲ್ಲಿ; ಅವರು ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರು. ಆ ಅಂಗಡಿಯವರು ಶಾಲೆಯ ಹುಡುಗನನ್ನು ಗದರಿಸಿ ಓಡಿಸಿದ್ದರೆ! ಖಾನ್ ಸಾಹೇಬರು ನಮ್ಮ ಮೈಸೂರಿನ ಆಸ್ಥಾನದಲ್ಲಿಯೂ ಹಾಡಿ ಮನ್ನಣೆ ಪಡೆದವರು. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು ಅವರು ತಟ್ಟೆಗೆ ಹಾಡಿದ್ದಾರೆ. ದಕ್ಷಿಣದವರು ಅದನ್ನು ಕೇಳಿ ನೋಡಬೇಕು.

ಆಮೇಲೆ ರೇಡಿಯೋ ಬಂದಿತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರ ಕೇಂದ್ರವನ್ನು ತೆರೆದರು. 1950ರಲ್ಲಿ ಧಾರವಾಡದ ಕೇಂದ್ರ ಆರಂಭವಾಯಿತು. ಕರಾವಳಿಯ ಮನೆಗಳಲ್ಲಿ ತಟ್ಟೆಯ ಯಂತ್ರ ಮೂಲೆ ಸೇರಿತು. ಅದಕ್ಕೂ ಮೊದಲೇ ಎರಡನೆಯ ಮಹಾಯುದ್ಧದಲ್ಲಿ ತಟ್ಟೆಗಳಿಗೊಂದು ಗಂಡಾಂತರ ಬಂದಿದ್ದಿತು. ಅರಗು ಯುದ್ಧದ ಕೆಲಸಕ್ಕೆ ಬೇಕಾಯಿತು, ಸಮುದ್ರದ ದಾರಿ ಭಯದ್ದಾಯಿತು. ಅಮೆರಿಕದಲ್ಲಿ 1942ರಲ್ಲಿ ಸರಕಾರ ಅರಗಿನ ಬಳಕೆಗೆ ಕಟ್ಟು ಹಾಕಿತು. ಹೊಸ ತಟ್ಟೆ ಬೇಕೆಂದರೆ ಹಳೆಯದನ್ನು ತಂದು ಕೊಡಿರೆಂದು ಅಂಗಡಿಗಳವರು ಕೇಳಿದರು. ಹಳೆಯ ಹಾಡನ್ನು ಕುಟ್ಟಿ ಪುಡಿಮಾಡಿ ಹೊಸ ಹಾಡನ್ನು ಒತ್ತಿದರು. ಹೊನ್ನಾವರದ ಗುಡ್ಡೆಯನ್ನು ಕಂಡಾಗ ನನಗೆ ಇದು ನೆನಪಾಯಿತು. ಅಲ್ಲಿ ಒಡೆದುದಕ್ಕೆ ಯುದ್ಧದ ನೆವವಾದರೂ ಇದ್ದಿತು.

ತಟ್ಟೆಗಳು ಮನೆಯಲ್ಲಿರುವವರಿಗೆ ಎರಡು ಮಾತು. ಒಂದರ ಮೇಲೊಂದು ಹೇರಿ ಇಡಬೇಡಿರಿ, ಪುಸ್ತಕದಂತೆ ನಿಲ್ಲಿಸಿ ಇಡಿರಿ. ತೊಳೆಯುವುದಿದ್ದರೆ ತಣ್ಣೀರೂ ಮೆತ್ತನೆಯ ಬಟ್ಟೆಯೂ ಸಾಕು. ನಡುವಿನ ಚೀಟಿಗೆ ನೀರು ತಗಲದಿರಲಿ. ಹಾಡಿಸುವುದಿದ್ದರೆ ಪ್ರತಿ ಮಗ್ಗುಲಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕು. ತಟ್ಟೆಯಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನು ಮೂರೇ ನಿಮಿಷದಲ್ಲಿ ಸವೆಸುತ್ತದೆ; ಸವೆದ ಮುಳ್ಳು ಮುಂದಿನ ತಟ್ಟೆಯ ಹಾಡನ್ನು ಕೆರೆದುಹಾಕುತ್ತದೆ. ಮಾರಿಬಿಡುವ ಮನಸ್ಸಾದರೆ ಮಾರಿರಿ, ತಪ್ಪೇನಿಲ್ಲ. ಅದಕ್ಕೆ ಮೊದಲು ಚೀಟಿಯ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದ ಮೇಲೆ ಮಾರಿರಿ. ಗೆದ್ದಲು ಮೊದಲು ತಿನ್ನುವುದು ಹೆಸರನ್ನೇ.

ನಾನು ನಾಲ್ಕು ತಟ್ಟೆಗಳನ್ನು ಆರಿಸಿಕೊಂಡೆ. ಮೂರಕ್ಕೆ ಹೆಸರಿತ್ತು. ನಾಲ್ಕನೆಯದರ ಚೀಟಿಯನ್ನು ಗೆದ್ದಲು ಪೂರ್ತಿಯಾಗಿ ತಿಂದಿತ್ತು. ಅರಗಿನಲ್ಲಿ ಕೊರೆದ ಅಂಕೆಗಳು ಮಾತ್ರ ಇದ್ದುವು. “ಹೆಸರಿಲ್ಲದ್ದಕ್ಕೆ ದುಡ್ಡು ಬೇಡ, ಇದ್ದುಕೊಳ್ಳಲಿ” ಎಂದರು ಯಜಮಾನರು. ಉಳಿದುದನ್ನು ಹೋಟೆಲಿನವರಿಗೆ ಕೊಡುವ ಮೊದಲು ತಮಗೊಂದು ಕಾಗದ ಬರೆಯಬೇಕೆಂದು ಕೇಳಿಕೊಂಡೆ. ಬರೆಸುತ್ತೇನೆಂದರು. ಮಳೆಗಾಲ ಕಳೆದ ಮೇಲೆ ವಿಚಾರಿಸಿದರೆ ರಾಶಿಯೆಲ್ಲ ಹೋಗಿತ್ತು. ಕಾಗದ ಬರೆಯಬೇಕಾದ ಹುಡುಗ ಆಗ ಊರಲ್ಲಿರಲಿಲ್ಲವಂತೆ.

ಆ ಸಂಜೆ ಕುಮಟೆಯಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಕೀಲಿಯ ಯಂತ್ರವನ್ನು ಅಟ್ಟದಿಂದಿಳಿಸಿ, ಒರೆಸಿ, ಎಣ್ಣೆ ಬಿಟ್ಟು, ಹೆಸರಿಲ್ಲದ ತಟ್ಟೆಯನ್ನು ಹಾಕಿದೆವು. ಮೊದಲು ಮಳೆ ಹುಯ್ದಂತಹ ಸದ್ದು. ಅದರ ಹಿಂದಿನಿಂದ ಹೆಂಗಸಿನ ಕಂಠವೊಂದು, ಬಹು ದೊಡ್ಡ ಕಂಠ, ಅಂಜಿಕೆಯಿಲ್ಲದುದು. ಸಾರಂಗಿ ಎಲ್ಲಿಯೋ ದೂರದಲ್ಲಿತ್ತು. ಹಾಡು ಮುಗಿದು, ಮುಳ್ಳು ಒಳಗಿನ ಸುತ್ತಿಗೆ ಬರುವಷ್ಟರಲ್ಲಿ ಆಕೆ ಬೇಗ ಬೇಗನೆ ತನ್ನ ಹೆಸರನ್ನು ಕೂಗಿ ಹೇಳಿದಳು. ಸ್ನೇಹಿತರಿಗೆ ಒಂದು ಹೆಸರು ಕೇಳಿಸಿತು, ನನಗೆ ಒಂದು ಕೇಳಿಸಿತು, ಅವರ ಮನೆಯ ಹಿರಿಯ ಅತ್ತೆಯವರು ಎರಡೂ ಅಲ್ಲವೆಂದರು. ಇನ್ನೂ ಮೂರು ಸಲ ಹಾಕಿ ಕೇಳಿದೆವು. ಆಮೇಲೆ ಮುಳ್ಳುಗಳು ಮುಗಿದುವು. ತಟ್ಟೆಗೆ ಹೊಸ ಕಾಗದದ ಹೊದಿಕೆಯನ್ನು ಮಾಡಿ, ಅದರ ಮೇಲೆ ಅಂಕೆಗಳನ್ನೂ ಮೂರು ಹೆಸರುಗಳನ್ನೂ ಸೀಸದಕಡ್ಡಿಯಿಂದ ಬರೆದು ಇಟ್ಟಿದ್ದೇನೆ.